ಲೂಯೀಜ್ ಫರಾಂಕ್: ಮೂರು ಸಿಂಫನಿ ಬರೆದ ಹೆಣ್ಣುಮಗಳು. ಹೆಸರು ಯಾಕೆ ನಮ್ಮ ಕಿವಿಗೆ ಬೀಳಲಿಲ್ಲ?

ಕುವೆಂಪುನಗರದ ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಹನ್ನೊಂದು ವರ್ಷ. ಮೂರು ವರ್ಷದಿಂದ ಪಿಯಾನೋ ಕಲಿಯುತ್ತಿದ್ದಾಳೆ. ಹೋದ ತಿಂಗಳು ಅವಳ ಮಿಸ್ ಹೊಸ ಪಾಠ ಕೊಟ್ಟರು. ಒಂದೇ ಪುಟದ ಜೆರಾಕ್ಸ್. ಮೇಲೆ ಬಲಗಡೆ ಮೂಲೆಯಲ್ಲಿ 'ಫಾರೆಂಕ್, ಓಪಸ್ 50' ಅಂತ ಮಾತ್ರ ಇತ್ತು (ಓಪಸ್ ಅಂದರೆ ರಚನೆಯ ಸಂಖ್ಯೆ). "ಅವರು ಪ್ಯಾರಿಸ್‌ನವರು, ದೊಡ್ಡ ಟೀಚರ್ ಆಗಿದ್ದರು" ಅಂತ ಮಿಸ್ ಹೇಳಿದ್ದರಂತೆ. ನಮ್ಮ ಭಾಷೆಯಲ್ಲಿ 'ಅವರು' ಅಂದರೆ ಗಂಡೋ ಹೆಣ್ಣೋ ಗೊತ್ತಾಗಲ್ಲ ಅಲ್ವಾ? ಅಮ್ಮ ಮಗಳು ಇಬ್ಬರೂ ಗಂಡಸು ಅಂತಲೇ ಅಂದುಕೊಂಡೆವು. ಅವಳು ಆ ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ಗಡ್ಡದ ತಾತನ ಮುಖ ಬೇರೆ ಬರೆದಿದ್ದಳು.

ಮೊನ್ನೆ ಸುಮ್ನೆ ಹುಡುಕಿದೆ. ಹೆಣ್ಣುಮಗಳು! ಲೂಯಿಸ್ ಫಾರೆಂಕ್. 1804ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿ 1875ರಲ್ಲಿ ಅಲ್ಲೇ ತೀರಿಕೊಂಡವರು. ಮಕ್ಕಳ ಪಾಠ ಮಾತ್ರ ಅಲ್ಲ, ಮೂರು ಸಿಂಫನಿ, ಅಂದರೆ ಇಡೀ ವಾದ್ಯವೃಂದಕ್ಕೆ ಅಂತ ದೊಡ್ಡ ರಚನೆ, ಬರೆದಿದ್ದಾರೆ. ಮೂವತ್ತು ವರ್ಷ ಪ್ಯಾರಿಸ್ ಕನ್ಸರ್ವತ್ವಾರ್ ಅನ್ನುವ ಸಂಗೀತ ಕಾಲೇಜಿನಲ್ಲಿ ಪ್ರೊಫೆಸರ್. ಮೂರನೇ ಸಿಂಫನಿ ಹಾಕಿಕೊಂಡು ಕೂತೆ, ಒಲೆ ಮೇಲಿನ ಸಾರು ಉಕ್ಕಿದ್ದೂ ಗೊತ್ತಾಗಲಿಲ್ಲ.

ಇಷ್ಟು ಚೆನ್ನಾಗಿ ಬರೆದವರ ಹೆಸರು ಯಾಕೆ ನಮ್ಮ ಕಿವಿಗೆ ಬೀಳಲಿಲ್ಲ? ತಿಳಿದವರು ಹೇಳಿ.

ಹಳೇ ರೆಕಾರ್ಡು
ಒಳ್ಳೆ ವಿಷಯ ತಂದಿದ್ದೀರಿ ಮೇಡಂ. ನಾನು ನಲವತ್ತು ವರ್ಷದಿಂದ ಪಾಶ್ಚಾತ್ಯ ಸಂಗೀತ ಕೇಳುತ್ತಿದ್ದೇನೆ. ಇವರ ಹೆಸರು ಕೇಳಿದ್ದು 2000ದ ಆಚೆಗೇ. ಸಿಂಫನಿಗಳ ಸಿ.ಡಿ. ಮೊದಲ ಸಲ ಕೈಗೆ ಬಂದಾಗ ಯಾರೋ ಜರ್ಮನ್ ರಚನಕಾರ ಮೆಂಡೆಲ್‌ಸೋನ್ ಕಾಲದವರು ಅಂತ ಗೊತ್ತಾಯಿತು, ಯಾರು ಅಂತ ಗೊತ್ತಾಗಲಿಲ್ಲ.

ಬಾಸ್ತೀಯ್ ಕನ್ನಡಿಗ
ಮೊದಲು ಹೆಸರು ಸರಿ ಮಾಡಿಕೊಳ್ಳೋಣ. ಲೂಯಿಸ್ ಅಲ್ಲ, ಲೂಯೀಜ್. ಇಲ್ಲಿ ಪ್ಯಾರಿಸ್‌ನಲ್ಲಿ ಲೂಯಿ ಅಂದರೆ ಗಂಡು, ಲೂಯೀಜ್ ಅಂದರೆ ಹೆಣ್ಣು. ಫಾರೆಂಕ್ ಅಲ್ಲ, ಫರಾಂಕ್. 'ರಾಂ' ಮೂಗಿನಲ್ಲಿ ಬರಬೇಕು. ಇದು ಗಂಡನ ಮನೆ ಹೆಸರು. ಹುಟ್ಟಿದ ಮನೆ ಹೆಸರು ದ್ಯುಮೋಂ.

ಆ ಮನೆತನ ತಲೆಮಾರುಗಳಿಂದ ಶಿಲ್ಪಿಗಳದ್ದು. ನಾನು ದಿನಾ ಕೆಲಸಕ್ಕೆ ಹೋಗುವಾಗ ಬಾಸ್ತೀಯ್ ಚೌಕ ದಾಟುತ್ತೇನೆ. ಅಲ್ಲಿನ ಎತ್ತರದ ಕಂಬದ ತುದಿಯಲ್ಲಿ ಒಂಟಿ ಕಾಲ ಮೇಲೆ ನಿಂತ, ಬಂಗಾರದ ಬಣ್ಣದ, ರೆಕ್ಕೆಯ ಹುಡುಗನ ಮೂರ್ತಿ ಇದೆ. ಒಂದು ಕೈಯಲ್ಲಿ ದೀವಟಿಗೆ, ಇನ್ನೊಂದರಲ್ಲಿ ಕಡಿದ ಸರಪಳಿ. ಅದನ್ನು ಮಾಡಿದವರು ಲೂಯೀಜ್ ಅವರ ಅಣ್ಣ ಒಗ್ಯುಸ್ತ್ ದ್ಯುಮೋಂ. ಅಣ್ಣನ ಕೆಲಸ 1840ರಿಂದ ಊರಿಗೆಲ್ಲ ಕಾಣುತ್ತಿದೆ. ತಂಗಿಯ ಕೆಲಸ ಗ್ರಂಥಾಲಯದ ಕಪಾಟಿನಲ್ಲಿ ಇತ್ತು. ಎಂಟು ವರ್ಷ ಆ ಕಂಬದ ಕೆಳಗೆ ಓಡಾಡಿದ ಮೇಲೆ ನನಗಿದು ಗೊತ್ತಾಗಿದ್ದು.

ಕುವೆಂಪುನಗರದ ಅಮ್ಮ
ಥ್ಯಾಂಕ್ಸ್ ಸರ್, ಶೀರ್ಷಿಕೆಯಲ್ಲಿ ತಿದ್ದಿದ್ದೇನೆ. ಕಲೆಗಾರರ ಮನೆ ಅಂದರೆ ಕಲಿಯೋಕೆ ತೊಂದರೆ ಆಗಿರಲಿಕ್ಕಿಲ್ಲ ಅಲ್ವಾ?

ತಂತಿವಾದ್ಯ
ಮನೆಯಿಂದ ತೊಂದರೆ ಇರಲಿಲ್ಲ, ನಿಜ. ಆದರೆ ಕನ್ಸರ್ವತ್ವಾರ್‌ನಲ್ಲಿ ರಚನೆಯ ಕ್ಲಾಸಿಗೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಪಿಯಾನೋ ಕಲಿಯಬಹುದು, ಹಾಡಬಹುದು, ಸಂಗೀತ ಬರೆಯೋದನ್ನು ಕಲಿಯುವಂತಿಲ್ಲ. ಅದಕ್ಕೇ ಹದಿನೈದನೇ ವಯಸ್ಸಿಗೆ ಆಂಟನ್ ರೈಖಾ ಹತ್ತಿರ ಖಾಸಗಿಯಾಗಿ ಪಾಠಕ್ಕೆ ಹಾಕಿದರು. ರೈಖಾ ಅಂದರೆ ಬೀಥೊವನ್ ಗೆಳೆಯ. ಬರ್ಲಿಯೋಜ್, ಲಿಸ್ಟ್ ಅವರಂಥ ರಚನಕಾರರಿಗೂ ಪಾಠ ಹೇಳಿದವರು.

1821ರಲ್ಲಿ, ಹದಿನೇಳನೇ ವಯಸ್ಸಿಗೆ ಮದುವೆ. ಗಂಡ ಆರಿಸ್ತೀದ್ ಫರಾಂಕ್, ಹತ್ತು ವರ್ಷ ದೊಡ್ಡವರು. ಕೊಳಲು ವಾದಕರು, ಆಮೇಲೆ ಸಂಗೀತ ಪ್ರಕಾಶಕರಾದರು. ಹೆಂಡತಿ ಬರೆದದ್ದನ್ನು ತಾವೇ ಅಚ್ಚು ಹಾಕಿದರು. ಆ ಕಾಲಕ್ಕೆ ಅಂಥ ಗಂಡ ಸಿಕ್ಕಿದ್ದು ಸಣ್ಣ ಮಾತಲ್ಲ.

ಲೆಕ್ಕದ ಮೇಷ್ಟ್ರು
ಹಾಗಾದರೆ ಕನ್ಸರ್ವತ್ವಾರ್‌ನ ಮೊದಲ ಮಹಿಳಾ ಪ್ರೊಫೆಸರ್ ಇವರೇ ಅನ್ನಿ.

ಹಳೇ ರೆಕಾರ್ಡು
ಇಲ್ಲ ಮೇಷ್ಟ್ರೇ, ಎಲ್ಲ ಕಡೆ ಹೀಗೇ ಬರೆಯುತ್ತಾರೆ, ತಪ್ಪು. 1795ರಲ್ಲಿ ಕನ್ಸರ್ವತ್ವಾರ್ ಶುರುವಾದ ವರ್ಷವೇ ಎಲೆನ್ ದ ಮೊಂಜರೂ ಅನ್ನುವ ಹೆಣ್ಣುಮಗಳು ಪಿಯಾನೋ ಪ್ರೊಫೆಸರ್ ಆಗಿದ್ದರು. ಅದೂ ಗಂಡುಹುಡುಗರ ಕ್ಲಾಸಿಗೆ. 1798ರಲ್ಲಿ ಬಿಟ್ಟರು. ಫರಾಂಕ್ ಸೇರಿದ್ದು 1842ರಲ್ಲಿ, ಇದ್ದದ್ದು 1873ರವರೆಗೆ. ಅಷ್ಟು ದೀರ್ಘ ಕಾಲ, ಆ ಸ್ಥಾನದಲ್ಲಿ ಇದ್ದ ಹೆಣ್ಣು ಆ ಶತಮಾನದಲ್ಲಿ ಇವರೊಬ್ಬರೇ. 'ಮೊದಲ' ಅಂತ ಸೇರಿಸಿದರೆ ಇನ್ನೊಬ್ಬ ಹೆಣ್ಣುಮಗಳನ್ನು ಅಳಿಸಿದ ಹಾಗಾಗುತ್ತದೆ.

ಲೆಕ್ಕದ ಮೇಷ್ಟ್ರು
ಒಪ್ಪಿದೆ. ತಿದ್ದಿಕೊಂಡೆ.

ಕುವೆಂಪುನಗರದ ಅಮ್ಮ
ಸಂಬಳದ ಬಗ್ಗೆ ಏನೋ ಜಗಳ ಆಗಿತ್ತಂತೆ?

ತಂತಿವಾದ್ಯ
ಜಗಳ ಅಲ್ಲ, ಅರ್ಜಿ. ನನಗೆ ಇವರ ಮೇಲೆ ಗೌರವ ಹೆಚ್ಚಾಗಿದ್ದೇ ಇಲ್ಲಿ, ಸ್ವಲ್ಪ ಉದ್ದ ಬರೆಯುತ್ತೇನೆ.

ಇವರು ಸೇರಿದ ವರ್ಷವೇ ಆಂರಿ ಹೆರ್ಜ್ ಕೂಡ ಪಿಯಾನೋ ಪ್ರೊಫೆಸರ್ ಆಗಿ ಸೇರಿದರು. ಅದೇ ಕೆಲಸ, ಅದೇ ಪದವಿ, ಆದರೆ ಇವರಿಗೆ ಕಡಿಮೆ ಸಂಬಳ. ಇವರ ಕ್ಲಾಸ್ ಹೆಣ್ಣುಮಕ್ಕಳದ್ದು. ಆ ಹುಡುಗಿಯರು ಪ್ರಥಮ ಬಹುಮಾನ ತರುತ್ತಿದ್ದರು. ಸ್ವಂತ ಮಗಳು ವಿಕ್ಟೋರೀನ್ ಕೂಡ 1844ರಲ್ಲಿ ಪ್ರಥಮ ಬಹುಮಾನ ತೆಗೆದುಕೊಂಡಳು. 1845ರಲ್ಲಿ ಇವರ ಓಪಸ್ 26, ಮೂವತ್ತು ಎಟ್ಯೂಡ್‌ಗಳು (ಅಭ್ಯಾಸದ ಪಾಠಗಳು), ಕನ್ಸರ್ವತ್ವಾರ್‌ನಲ್ಲೇ ಪಠ್ಯವಾಯಿತು. ಪುಸ್ತಕ ಇವರದ್ದು, ಫಲಿತಾಂಶ ಇವರದ್ದು, ಸಂಬಳ ಮಾತ್ರ ಗಂಡಸರದ್ದಕ್ಕಿಂತ ಕಡಿಮೆ.

1850ರಲ್ಲಿ ಇವರ ನೋನೆಟ್ ಮೊದಲ ಸಲ ಸಭೆಯಲ್ಲಿ ಆಯಿತು. ಒಂಬತ್ತು ವಾದ್ಯ: ವಯೊಲಿನ್, ವಿಯೋಲಾ, ಚೆಲ್ಲೋ, ಡಬಲ್ ಬಾಸ್, ಕೊಳಲು, ಓಬೋ, ಕ್ಲಾರಿನೆಟ್, ಹಾರ್ನ್, ಬಸೂನ್. ವಯೊಲಿನ್ ನುಡಿಸಿದ್ದು ಯೋಸೆಫ್ ಯೋಆಕಿಮ್. ಇನ್ನೂ ಹತ್ತೊಂಬತ್ತು ತುಂಬದ ಹುಡುಗ, ಆಗಲೇ ಯೂರೋಪಿಗೆಲ್ಲ ಗೊತ್ತಿದ್ದವನು. ಸಭೆ ತುಂಬಾ ಮೆಚ್ಚಿತು. ಅದೇ ಹೊತ್ತಿಗೆ ಇವರು ನಿರ್ದೇಶಕ ಓಬೇರ್ ಅವರಿಗೆ ಪತ್ರ ಬರೆದು, ಗಂಡಸು ಪ್ರೊಫೆಸರ್‌ಗಳಿಗೆ ಎಷ್ಟೋ ನನಗೂ ಅಷ್ಟೇ ಕೊಡಿ ಅಂತ ಕೇಳಿದರು. ಕೊಟ್ಟರು. 1850ರಲ್ಲಿ ಸಮಾನ ಸಂಬಳ!

ನೋಡುಗ
1850ರಲ್ಲಿ! ನಮ್ಮ ಆಫೀಸಿನಲ್ಲಿ ಈಗಲೂ ಇಲ್ಲ.

ಕೊಳಲು ಕಿಟ್ಟಿ
ನೋನೆಟ್‌ನ ಎರಡನೇ ಭಾಗ ಕೇಳಿ. ಒಂದು ಸರಳ ರಾಗ ಇಟ್ಟು, ಅದನ್ನೇ ತಿರುವಿ ತಿರುವಿ ವಾದ್ಯಗಳಿಗೆ ಹಂಚುತ್ತಾರೆ. ನಾನು ಪಾಶ್ಚಾತ್ಯ ಕೊಳಲು ನುಡಿಸುವವನು. ಕೆಲವರು ಕೊಳಲಿಗೆ ಬರೆದದ್ದು ನೋಡಿದರೆ ಉಸಿರು ಎಲ್ಲಿ ಎಳೆದುಕೊಳ್ಳೋದು ಅಂತ ಹುಡುಕಬೇಕು. ಇವರು ಬರೆದದ್ದರಲ್ಲಿ ಉಸಿರಿಗೆ ಜಾಗ ಇರುತ್ತದೆ. ಮನೆಯಲ್ಲೇ ಕೊಳಲು ನುಡಿಸುವ ಗಂಡ ಇದ್ದದ್ದರ ಗುರುತು ಅದು ಅಂತ ನನ್ನ ನಂಬಿಕೆ.

ವಿಮರ್ಶೆ ಪ್ರಿಯ
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೂರೂ ಸಿಂಫನಿ ಕೇಳಿದೆ. ಚೆನ್ನಾಗಿದೆ, ಅಚ್ಚುಕಟ್ಟಾಗಿದೆ. ಆದರೆ ಬರ್ಲಿಯೋಜ್ 1830ರಲ್ಲೇ ಸಿಂಫನಿಯ ರೂಪವನ್ನೇ ಬುಡಮೇಲು ಮಾಡಿದ್ದರು. ಇವರು 1847ರಲ್ಲೂ ಬೀಥೊವನ್ ಹಾಕಿದ ದಾರಿಯಲ್ಲೇ ನಡೆದರು. ಹೆಣ್ಣು ಅಂತ ಮರೆತರು ಅನ್ನುವುದು ಸುಲಭದ ಉತ್ತರ. ಇವರ ಹಾಗೇ ಬರೆದ ಜಾರ್ಜ್ ಆನ್ಸ್ಲೋ ಕೂಡ ರೈಖಾ ಶಿಷ್ಯರೇ. ಗಂಡಸು, ಶ್ರೀಮಂತರು. ಇವತ್ತು ಅವರ ಹೆಸರೂ ಯಾರಿಗೂ ಗೊತ್ತಿಲ್ಲ. ಪ್ಯಾರಿಸ್‌ಗೆ ಬೇಕಾಗಿದ್ದದ್ದು ಒಪೆರಾ, ಹಾಡಿನಲ್ಲೇ ನಡೆಯುವ ನಾಟಕ. ಒಪೆರಾ ಬರೆಯದವರಿಗೆ ಅಲ್ಲಿ ಹೆಸರು ಬರುವುದು ಕಷ್ಟವಿತ್ತು.

ತಂತಿವಾದ್ಯ
ಒಪೆರಾ ವಿಷಯ ಪೂರ್ತಿ ಒಪ್ಪುತ್ತೇನೆ. ಆನ್ಸ್ಲೋ ಉದಾಹರಣೆ ಮಾತ್ರ ನಿಮ್ಮ ವಾದದ ವಿರುದ್ಧವೇ ತಿರುಗುತ್ತದೆ. ಆನ್ಸ್ಲೋ ಬದುಕಿದ್ದಾಗಲೇ ಅವರ ಸಿಂಫನಿಗಳು ಅಚ್ಚಾದವು. 1842ರಲ್ಲಿ ಫ್ರಾನ್ಸಿನ ಕಲಾ ಅಕಾಡೆಮಿಗೆ ಸದಸ್ಯರಾಗಿ ಆರಿಸಿದರು. ಅಂದರೆ ಕೊಡಬೇಕಾದ ಮನ್ನಣೆ ಎಲ್ಲ ಕೊಟ್ಟು, ಕೇಳಿ, ಆಮೇಲೆ ಮರೆತರು. ಫರಾಂಕ್ ಅವರ ಮೂರು ಸಿಂಫನಿಯಲ್ಲಿ ಒಂದೂ ಅವರ ಜೀವಮಾನದಲ್ಲಿ ಅಚ್ಚಾಗಲಿಲ್ಲ. ಕೇಳಿ ಮರೆಯೋದು ಬೇರೆ, ಕೇಳಲು ಬಿಡದೇ ಇರೋದು ಬೇರೆ.

ವಿಮರ್ಶೆ ಪ್ರಿಯ
ಗಂಡನೇ ಪ್ರಕಾಶಕ ಅಂದಿರಲ್ಲ? ಅಚ್ಚು ಹಾಕಬಹುದಿತ್ತಲ್ಲ?

ತಂತಿವಾದ್ಯ
ಪಿಯಾನೋ ಪುಸ್ತಕ ಅಚ್ಚು ಹಾಕಿದರೆ ಮನೆಮನೆಯವರು ಕೊಳ್ಳುತ್ತಾರೆ. ಸಿಂಫನಿ ಹಾಗಲ್ಲ. ಎಲ್ಲ ವಾದ್ಯ ಒಟ್ಟಿಗಿರುವ ಸ್ಕೋರ್ ಒಂದು. ಅದಲ್ಲದೆ ವಾದ್ಯವಾದ್ಯಕ್ಕೆ ಬೇರೆ ಬೇರೆ ಪಾರ್ಟ್ ಬೇಕು. ನಾನು ಬೆಂಗಳೂರಿನ ಒಂದು ಹವ್ಯಾಸಿ ವಾದ್ಯವೃಂದದಲ್ಲಿ ಎರಡನೇ ವಯೊಲಿನ್ ಸಾಲಿನಲ್ಲಿ ಕೂರುತ್ತೇನೆ. ನಮ್ಮ ಮುಂದಿನ ಸ್ಟ್ಯಾಂಡ್ ಮೇಲೆ ನಮ್ಮ ಸಾಲಿನ ಪಾರ್ಟ್ ಮಾತ್ರ ಇರುತ್ತದೆ, ಇಬ್ಬರಿಗೆ ಒಂದು. ಪುಟ ತಿರುವುವುದು ಒಳಗಡೆ ಕೂತವರು. ಹೀಗೆ ನಲವತ್ತು ಐವತ್ತು ಜನರ ಮುಂದೆ ಕಾಗದ ಇದ್ದರೆ ಮಾತ್ರ ಸಿಂಫನಿ ಶುರುವಾಗುತ್ತದೆ. ಒಬ್ಬ ಓಬೋದವನ ಪಾರ್ಟ್ ಇಲ್ಲದಿದ್ದರೂ ನಿಂತುಹೋಗುತ್ತದೆ. ಅಚ್ಚಿಲ್ಲ ಅಂದರೆ ಎಲ್ಲ ಕೈಬರಹದಲ್ಲಿ ನಕಲು ಮಾಡಬೇಕು. ಇನ್ನೊಂದು ಊರಿನವರು ನುಡಿಸಬೇಕು ಅಂದರೆ ಎಲ್ಲಿಂದ ತರಿಸಬೇಕು? ನುಡಿಸಿಲ್ಲ ಅಂತ ಕೊಳ್ಳುವವರಿಲ್ಲ, ಕೊಳ್ಳುವವರಿಲ್ಲ ಅಂತ ಅಚ್ಚಿಲ್ಲ, ಅಚ್ಚಿಲ್ಲ ಅಂತ ನುಡಿಸುವವರಿಲ್ಲ.

ಮೊದಲ ಸಿಂಫನಿ 1841ರಲ್ಲಿ ಬರೆದದ್ದು. ಮೊದಲು ಕೇಳಿದ್ದು ಬ್ರಸೆಲ್ಸ್‌ನವರು, 1845ರಲ್ಲಿ. ತನ್ನೂರಿನಲ್ಲಿ ಅಲ್ಲ. ಮೂರನೆಯದು 1847ರದ್ದು. ಕನ್ಸರ್ವತ್ವಾರ್‌ನ ಕಛೇರಿ ಸಂಘದವರು ಅದನ್ನು ನುಡಿಸಿದ್ದು 1849ರಲ್ಲಿ. ಪ್ಯಾರಿಸ್‌ಗೆ ಬೀಥೊವನ್ ಸಿಂಫನಿಗಳ ರುಚಿ ಹತ್ತಿಸಿದ್ದೇ ಆ ಸಂಘ. ಅಲ್ಲಿ ಬದುಕಿರುವವರ ಸಿಂಫನಿ, ಅದೂ ಹೆಣ್ಣಿನದ್ದು, ಹತ್ತುವುದು ಎಷ್ಟು ಕಷ್ಟ ಅಂತ ಊಹಿಸಿ.

ಹೊಸಪೇಟೆ ಹುಡುಗಿ
ವಿಷಯ ಸ್ವಲ್ಪ ಬೇರೆ ಕಡೆ ಹೋಗುತ್ತೆ, ಕ್ಷಮಿಸಿ. 'ಕಾಗದ ಇಲ್ಲದಿದ್ದರೆ ನಿಂತುಹೋಗುತ್ತದೆ' ಅಂದಿರಲ್ಲ ಅಣ್ಣ, ಅದು ಓದಿದ ತಕ್ಷಣ ನಮ್ಮ ಅಜ್ಜಿ ನೆನಪಾದರು. ಹರಪನಹಳ್ಳಿ ಭೀಮವ್ವನ ಹಾಡು ಹೇಳುತ್ತಿದ್ದರು. ಭೀಮವ್ವ ಹುಟ್ಟಿದ್ದು 1823ರಲ್ಲಿ. ಅಂದರೆ ಹೆಚ್ಚು ಕಡಿಮೆ ಈ ಪ್ಯಾರಿಸ್ ಅಮ್ಮನ ಕಾಲದವರೇ. 'ಭೀಮೇಶಕೃಷ್ಣ' ಅಂತ ಅಂಕಿತ. ಅಜ್ಜಿ ಆರತಿ ಹೊತ್ತಿಗೆ ತಟ್ಟೆ ಹಿಡಿದುಕೊಂಡು ಶುರು ಮಾಡಿದರೆ ಅತ್ತೆ, ಚಿಕ್ಕಮ್ಮ ಎಲ್ಲ ಸೇರಿಕೊಳ್ಳುತ್ತಿದ್ದರು. ಯಾರ ಮುಂದೆಯೂ ಪುಸ್ತಕ ಇರುತ್ತಿರಲಿಲ್ಲ. ಅಡುಗೆಮನೆಯಿಂದ ಅಡುಗೆಮನೆಗೆ ದಾಟಿಕೊಂಡು ನನ್ನವರೆಗೂ ಬಂದಿದೆ.

ವಿಮರ್ಶೆ ಪ್ರಿಯ
ಹೋಲಿಕೆ ಸರಿಯಲ್ಲ ಅನಿಸುತ್ತದೆ. ಒಂದು ಭಕ್ತಿಯ ಹಾಡು, ಇನ್ನೊಂದು ವಾದ್ಯವೃಂದದ ರಚನೆ.

ಹೊಸಪೇಟೆ ಹುಡುಗಿ
ಎರಡೂ ಒಂದೇ ಅಂತ ನಾನೆಲ್ಲಿ ಹೇಳಿದೆ? ಹೆಣ್ಣುಮಕ್ಕಳು ಕೈಯಲ್ಲಿ ಹಿಡಿದುಕೊಂಡದ್ದು ಉಳಿಯಿತು, ಗಂಡಸರ ಸಂಘ ಅಪ್ಪಣೆ ಕೊಡಬೇಕಾದದ್ದು ನಿಂತಿತು ಅಂತ ಹೇಳಿದ್ದು. ಆ ಪ್ಯಾರಿಸ್ ಅಮ್ಮನ ಎಟ್ಯೂಡ್ ನೋಡಿ. ಪಿಯಾನೋ ಕ್ಲಾಸ್‌ನಿಂದ ಪಿಯಾನೋ ಕ್ಲಾಸಿಗೆ ದಾಟಿ ಮೈಸೂರಿನ ಮಗುವಿನ ಕೈಗೆ ಬಂತಲ್ಲ, ಸಿಂಫನಿ ಬರಲಿಲ್ಲವಲ್ಲ.

ಹಳೇ ರೆಕಾರ್ಡು
ಇದು ನನಗೆ ಹೊಳೆದೇ ಇರಲಿಲ್ಲ ತಾಯಿ. ಆದರೂ ಒಂದು ಮಾತು. ಭೀಮವ್ವನ ಹಾಡಿನ ಮಾತು ಉಳಿಯಿತು, ಧಾಟಿ ಮನೆಗೊಂದು ಆಯಿತು. ನಿಮ್ಮ ಅಜ್ಜಿಯ ಧಾಟಿ ಬೇರೆ, ನಮ್ಮ ಮನೆಯದ್ದು ಬೇರೆ. ಫರಾಂಕ್ ಅವರದ್ದು ನೂರೈವತ್ತು ವರ್ಷ ಸದ್ದಿಲ್ಲದೆ ಮಲಗಿದ್ದರೂ ಒಂದು ಸ್ವರ ಆಚೀಚೆ ಆಗಲಿಲ್ಲ. ನಿಮ್ಮ ಅಜ್ಜಿ ಹೇಳಿದ್ದನ್ನು ಯಾರಾದರೂ ರೆಕಾರ್ಡ್ ಮಾಡಿದ್ದೀರಾ?

ಹೊಸಪೇಟೆ ಹುಡುಗಿ
ಅಜ್ಜಿ ಹೋದರು. ಚಿಕ್ಕಮ್ಮ ಇದ್ದಾರೆ, ಪೂರ್ತಿ ಬರುತ್ತದೆ. ದಸರಾ ರಜೆಗೆ ಊರಿಗೆ ಹೋಗುತ್ತೇನೆ. ಈ ಸಲ ಮೊಬೈಲ್ ಇಟ್ಟು ಕೂರಿಸುತ್ತೇನೆ.

ಬರ್ಲಿನ್ ಬಳಗ
ಹೆಸರು ಮರೆಯಾಗುವುದರ ಬಗ್ಗೆ ಇಲ್ಲಿಯ ಕಥೆ ಒಂದು. ಫೆಲಿಕ್ಸ್ ಮೆಂಡೆಲ್‌ಸೋನ್ ಅವರ ಅಕ್ಕ ಫ್ಯಾನಿ. ಅಪ್ಪ, ತಮ್ಮ ಇಬ್ಬರಿಗೂ ಅವಳು ಹೆಸರು ಹಾಕಿ ಪ್ರಕಟಿಸುವುದು ಇಷ್ಟ ಇರಲಿಲ್ಲ. ಅವಳ ಕೆಲವು ಹಾಡು ತಮ್ಮನ ಹೆಸರಿನಲ್ಲಿ ಅಚ್ಚಾದವು. 1842ರಲ್ಲಿ ಫೆಲಿಕ್ಸ್ ಲಂಡನ್ನಿನ ಅರಮನೆಗೆ ಹೋದಾಗ ವಿಕ್ಟೋರಿಯಾ ರಾಣಿ ನನಗಿಷ್ಟವಾದ ನಿಮ್ಮ ಹಾಡು ಅಂತ ಒಂದನ್ನು ಹಾಡಿದರು. ಅದು ಅಕ್ಕನ ಹಾಡು ಅಂತ ಅವರು ಅಲ್ಲೇ ಒಪ್ಪಿಕೊಳ್ಳಬೇಕಾಯಿತು. ಫ್ಯಾನಿ 1828ರಲ್ಲಿ ಬರೆದ ಈಸ್ಟರ್ ಸೊನಾಟಾ ಅನ್ನುವ ಪಿಯಾನೋ ರಚನೆ ಅವಳದ್ದೇ ಅಂತ ಸಾಬೀತಾಗಿದ್ದು 2010ರಲ್ಲಿ.

ನೋಡುಗ
ಅದಕ್ಕಿಂತ ಫರಾಂಕ್ ಅದೃಷ್ಟವಂತೆ ಅನ್ನಿ, ಗಂಡ ಹೆಸರು ಹಾಕಿಯೇ ಅಚ್ಚು ಹಾಕಿದ.

ಬರ್ಲಿನ್ ಬಳಗ
ಹೌದು. ಆ ಅಚ್ಚಾದ ಪುಸ್ತಕಗಳಲ್ಲಿ ಒಂದು ಲೈಪ್‌ಜಿಗ್‌ವರೆಗೂ ಬಂತು. ರಷ್ಯಾದ ಒಂದು ಧಾಟಿಯ ಮೇಲೆ ಮಾಡಿದ ಪಿಯಾನೋ ರಚನೆ, ಓಪಸ್ 17. 1836ರಲ್ಲಿ ಜರ್ಮನ್ ರಚನಕಾರ ಶೂಮನ್ ತಮ್ಮ ಪತ್ರಿಕೆಯಲ್ಲಿ ಅದನ್ನು ಹೊಗಳಿ ಬರೆದರು. ಶೂಮನ್ ಪ್ಯಾರಿಸ್‌ನ ಪಿಯಾನೋ ಸಂಗೀತವನ್ನು ಸುಲಭಕ್ಕೆ ಮೆಚ್ಚುತ್ತಿರಲಿಲ್ಲ.

ಕುವೆಂಪುನಗರದ ಅಮ್ಮ
ಓದುತ್ತಾ ಓದುತ್ತಾ ಇನ್ನೊಂದು ಪ್ರಶ್ನೆ. 1850ರಲ್ಲಿ ಹೆಸರು, ಸಂಬಳ ಎಲ್ಲ ಬಂತು. ಆಮೇಲೆ ನಾಲ್ಕನೇ ಸಿಂಫನಿ ಯಾಕೆ ಬರಲಿಲ್ಲ?

ತಂತಿವಾದ್ಯ
ಮಗಳು ಮೇಡಂ. ವಿಕ್ಟೋರೀನ್ ಕಾಯಿಲೆ ಬಿದ್ದಳು. ಅಮ್ಮನ ಹಾಗೇ ಪಿಯಾನೋ ನುಡಿಸುತ್ತಿದ್ದ ಹುಡುಗಿ, ಒಬ್ಬಳೇ ಮಗಳು. ವರ್ಷಗಟ್ಟಲೆ ನರಳಿ 1859ರ ಜನವರಿಯಲ್ಲಿ ತೀರಿಕೊಂಡಳು. ಮೂವತ್ತೆರಡು ವರ್ಷ. ಅದಾದ ಮೇಲೆ ಲೂಯೀಜ್ ಹೊಸದಾಗಿ ಬರೆದದ್ದು ಹೆಚ್ಚುಕಡಿಮೆ ನಿಂತೇಹೋಯಿತು.

ಕುವೆಂಪುನಗರದ ಅಮ್ಮ
ಅಯ್ಯೋ. ಇದನ್ನು ಮಗಳಿಗೆ ಈಗ ಹೇಳಲ್ಲ. ಸ್ವಲ್ಪ ದೊಡ್ಡವಳಾಗಲಿ.

ಹಳೇ ರೆಕಾರ್ಡು
ಆದರೆ ಸುಮ್ಮನೆ ಕೂರಲಿಲ್ಲ ಮೇಡಂ. ಗಂಡ ಹೆಂಡತಿ ಸೇರಿ ಹಳೇ ಪಿಯಾನೋ, ಹಾರ್ಪ್ಸಿಕಾರ್ಡ್ (ಪಿಯಾನೋಗಿಂತ ಹಳೇ ಕೀಲಿಮಣೆ ವಾದ್ಯ) ಸಂಗೀತವನ್ನೆಲ್ಲ ಹುಡುಕಿ ಅಚ್ಚು ಹಾಕೋಕೆ ಹೊರಟರು. 1861ರಲ್ಲಿ ಶುರು. ಕೂಪ್ರಾಂ, ರಾಮೋ, ಸ್ಕಾರ್ಲಾಟಿ, ಬಾಖ್... ಸುಮಾರು ಮುನ್ನೂರು ವರ್ಷದ ಸಂಗೀತ. 1865ರಲ್ಲಿ ಗಂಡ ಹೋದರು. ಆಮೇಲೆ ಒಬ್ಬರೇ ನಡೆಸಿ 1874ರಲ್ಲಿ ಮುಗಿಸಿದರು. ಒಟ್ಟು 23 ಸಂಪುಟ. ಮರುವರ್ಷ ಸೆಪ್ಟೆಂಬರಿನಲ್ಲಿ ಹೋದರು.

ಹಳೇ ಬರಹದಲ್ಲಿ ಸ್ವರದ ಮೇಲೆ ಸಣ್ಣ ಸಣ್ಣ ಗುರುತು ಇರುತ್ತವೆ. ನಮ್ಮಲ್ಲಿ ಗಮಕ ಇದ್ದ ಹಾಗೆ ಅಂದುಕೊಳ್ಳಿ. ಅವನ್ನು ಹೇಗೆ ನುಡಿಸಬೇಕು ಅಂತ ಪ್ಯಾರಿಸ್‌ನಲ್ಲಿ ಆಗ ಹೆಚ್ಚಿನವರು ಮರೆತಿದ್ದರು. ಇವರು ಕೂತು ಅದನ್ನೂ ಬಿಡಿಸಿ ಬರೆದರು, ಶಿಷ್ಯೆಯರಿಂದ ನುಡಿಸಿ ತೋರಿಸುವ ಕಛೇರಿಗಳನ್ನೂ ಮಾಡಿದರು. ತನ್ನ ಸಿಂಫನಿ ಕೈಬರಹದಲ್ಲೇ ಇರುವಾಗ ಬೇರೆಯವರ ಸಂಗೀತ ಮರೆತುಹೋಗದ ಹಾಗೆ ಹದಿಮೂರು ವರ್ಷ ದುಡಿದರು. ನನಗೆ ಇದು ನೆನಪಾದಾಗಲೆಲ್ಲ ಗಂಟಲು ಕಟ್ಟುತ್ತದೆ.

ವಿಮರ್ಶೆ ಪ್ರಿಯ
ಈ ವಿಷಯ ನನಗೆ ಗೊತ್ತಿರಲಿಲ್ಲ ಸರ್. ಬೀಥೊವನ್ ದಾರಿಯಲ್ಲೇ ನಡೆದರು ಅಂತ ನಾನು ಕೊರತೆಯ ಹಾಗೆ ಹೇಳಿದೆ. ಹಿಂದಿನವರ ಮೇಲೆ ಅಷ್ಟು ಪ್ರೀತಿ ಇಟ್ಟವರು ಹಾಗೆ ಬರೆದದ್ದು ಸಹಜ ಅಂತ ಈಗ ಅನಿಸುತ್ತಿದೆ. ಎರಡನೇ ಸಿಂಫನಿ ಸಪ್ಪೆ ಅನ್ನೋದು ಮಾತ್ರ ಬಿಡಲ್ಲ.

ಕೊಳಲು ಕಿಟ್ಟಿ
ಅದು ನನಗೂ ಅನಿಸಿದೆ, ಮೂರನೆಯದೇ ಮೇಲು. ಚೇಂಬರ್ ಸಂಗೀತಕ್ಕೆ (ಕೆಲವೇ ವಾದ್ಯಗಳ ಸಂಗೀತ) ಅಂತ ಅಕಾಡೆಮಿ ಕೊಡುತ್ತಿದ್ದ ಶಾರ್ತಿಯೇ ಬಹುಮಾನ ಇವರಿಗೆ ಎರಡು ಸಲ ಬಂತು, 1861 ಮತ್ತು 1869ರಲ್ಲಿ. ಇವರ ನಿಜವಾದ ಕೈಚಳಕ ಅಲ್ಲೇ. ಓಪಸ್ 45, ಕೊಳಲು, ಚೆಲ್ಲೋ, ಪಿಯಾನೋ ಟ್ರಿಯೋ. ಪಾರ್ಟ್ ಇಂಟರ್‌ನೆಟ್‌ನಲ್ಲಿ ಸುಮ್ನೆ ಸಿಗುತ್ತೆ. ಚೆಲ್ಲೋ ಮತ್ತು ಪಿಯಾನೋ ನುಡಿಸುವವರು ಮೈಸೂರು ಅಥವಾ ಬೆಂಗಳೂರಿನಲ್ಲಿ ಯಾರಾದರೂ ಇದ್ದರೆ ಹೇಳಿ, ಭಾನುವಾರ ಕೂತು ಪ್ರಯತ್ನ ಮಾಡೋಣ.

ತಂತಿವಾದ್ಯ
ನಮ್ಮ ವೃಂದದ ಚೆಲ್ಲೋದವರನ್ನು ಕೇಳುತ್ತೇನೆ. ಮೂರನೇ ಸಿಂಫನಿಯನ್ನೂ ನಮ್ಮವರ ಮುಂದೆ ಇಡಬೇಕು ಅಂತಿದೆ. ಅದಕ್ಕೆ ಟ್ರಂಪೆಟ್ಟೂ ಬೇಡ, ಟ್ರೊಂಬೋನೂ ಬೇಡ. ನಮ್ಮಂಥ ಸಣ್ಣ ವೃಂದಕ್ಕೆ ಹೇಳಿ ಮಾಡಿಸಿದ ಹಾಗಿದೆ. 1990ರ ದಶಕದಿಂದ ಜರ್ಮನಿಯಲ್ಲಿ ಇವರ ಕೃತಿಗಳನ್ನು ಶೋಧಿಸಿ ಅಚ್ಚು ಹಾಕಿದ್ದಾರೆ, ಪಾರ್ಟ್ ತರಿಸಬಹುದು. ಒಳ್ಳೆ ಓಬೋ ಒಬ್ಬರು ಬೇಕು ಅಷ್ಟೇ. ಶುರುವಾಗೋದೇ ಒಂಟಿ ಓಬೋದಿಂದ, ಜೊತೆಗೆ ಯಾರೂ ಇರಲ್ಲ.

ಕುವೆಂಪುನಗರದ ಅಮ್ಮ
ನೀವು ನುಡಿಸುವ ದಿನ ದಯವಿಟ್ಟು ಇಲ್ಲಿ ಹಾಕಿ, ಬಸ್ ಹಿಡಿದುಕೊಂಡು ಬರುತ್ತೇವೆ. ಇವತ್ತು ರಾತ್ರಿ ಮಗಳಿಗೆ ಕೇಳಿಸೋಕೆ ಯಾವ ಭಾಗ ಹಾಕಲಿ? ಹತ್ತು ನಿಮಿಷದ ಮೇಲೆ ಕೂರಲ್ಲ.

ಕೊಳಲು ಕಿಟ್ಟಿ
ಮೂರನೇ ಸಿಂಫನಿಯ ಎರಡನೇ ಭಾಗ. ಕ್ಲಾರಿನೆಟ್ ಹಾಡುತ್ತೆ, ಕೆಳಗೆ ಹಾರ್ನ್, ಬಸೂನ್. ಹೆಡ್‌ಫೋನ್ ಹಾಕಿ. ಟಿಂಪನಿ (ದೊಡ್ಡ ನಗಾರಿ) ತುಂಬಾ ಮೆಲ್ಲಗಿದೆ, ಮೊಬೈಲ್ ಸ್ಪೀಕರಿನಲ್ಲಿ ಕೇಳಿಸಲ್ಲ.

ಕುವೆಂಪುನಗರದ ಅಮ್ಮ
ಕೇಳಿದೆವು. ಒಂದು ಕಿವಿ ಅವಳಿಗೆ, ಒಂದು ನನಗೆ. ಮುಗಿದ ಮೇಲೆ ಏನೂ ಹೇಳದೆ ಎದ್ದು ಹೋಗಿ ಆ ಜೆರಾಕ್ಸ್ ತಂದಳು. ರಬ್ಬರ್ ತೆಗೆದುಕೊಂಡು ಗಡ್ಡ ಅಳಿಸಿದಳು. ಕಣ್ಣು, ಮೂಗು ಹಾಗೇ ಬಿಟ್ಟು, ಎರಡು ಜಡೆ ಹಾಕಿದ್ದಾಳೆ. 'ಫಾರೆಂಕ್' ಮುಂದೆ 'ಲೂಯೀಜ್' ಅಂತ ಬರೆದು, ಜ ಮೇಲೋ ಕೆಳಗೋ ಚುಕ್ಕಿ ಇಡಬೇಕಾ ಅಂತ ಕೇಳಿದಳು. ಪ್ಯಾರಿಸ್‌ನ ಸರ್, ನೀವೇ ಹೇಳಿ.